ಮೂವತ್ತನಾಲ್ಕು ತುಂಬಲಿ

ಡಾಕ್ಟರಮ್ಮ ಒಮ್ಮೆ ಬಿಪಿ ನೋಡಿ, ಪಟ್ಟಿ ಬಿಚ್ಚಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿದರು. ಎರಡನೆಯ ಸಲ ಪಟ್ಟಿಯ ಗಾಳಿ ಇಳಿಯುವಾಗ ಪ್ರೇಮಲತಾ ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದಳು. ಹನ್ನೊಂದು ವರ್ಷದಿಂದ ಕಡರನಾಯಕನಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿದ್ದವಳಿಗೆ ಡಾಕ್ಟರುಗಳ ಮುಖ ಓದುವುದು ಗೊತ್ತಿತ್ತು. ಊರಿನ ಎಷ್ಟೋ ಬಸುರಿಯರನ್ನು ದಾವಣಗೆರೆಯ ಈ ಹೆರಿಗೆ ಆಸ್ಪತ್ರೆಗೆ ಕರೆತಂದು, ತಾಯಿ ಕಾರ್ಡು ಹಿಡಿದು ಇದೇ ಮಂಚದ ಪಕ್ಕ ನಿಂತಿದ್ದಳು. ಈ ಸಲ ಮಂಚದ ಮೇಲೆ ಮಲಗಿದ್ದವಳು ಅವಳೇ. ವಯಸ್ಸು ಮೂವತ್ತಾರು. ಹೊಟ್ಟೆಯಲ್ಲಿನ ಕೂಸಿಗೆ ಮೂವತ್ತೊಂದು ವಾರ.

"ನೂರ ನಲವತ್ತೆಂಟು, ತೊಂಬತ್ತಾರು," ಎಂದರು ಡಾಕ್ಟರಮ್ಮ. "ಹೋದ ಸಲಕ್ಕಿಂತ ಜಾಸ್ತಿ. ಮಾತ್ರೆ ಏರಿಸ್ತೀನಿ. ಕೂಸಿನ ಪುಪ್ಪುಸಕ್ಕೆ ಬಲ ಬರೋ ಇಂಜೆಕ್ಷನ್ ಇವತ್ತೊಂದು, ನಾಳೆ ಒಂದು ತಗೊಳ್ಳಿ. ನಿಜ ಹೇಳ್ಬೇಕಂದ್ರೆ ಇಲ್ಲೇ ಅಡ್ಮಿಟ್ ಆಗಿಬಿಟ್ರೆ ನನಗೆ ಸಮಾಧಾನ."

"ಎಷ್ಟು ದಿನ ಮೇಡಂ?"

"ಮೂವತ್ತನಾಲ್ಕು ವಾರ ತುಂಬಲಿ. ತುಂಬಿದ್ರೆ ನನ್ನ ಅರ್ಧ ಹೆದರಿಕೆ ಹೋಗುತ್ತೆ."

ಮೂರು ವರ್ಷದ ಹಿಂದೆ ಇದೇ ಬಿಪಿಯಿಂದ ಪ್ರೇಮಲತಾಳ ಕೂಸನ್ನು ಇಪ್ಪತ್ತೆಂಟನೇ ವಾರಕ್ಕೆ ಹೊರತೆಗೆದಿದ್ದರು. ಗಂಡು. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇದ್ದ. ಪೆಟ್ಟಿಗೆಯ ತೂತಿನಿಂದ ಕೈ ಹಾಕಿ ಅವನ ಹಿಮ್ಮಡಿ ಮುಟ್ಟಲು ಅವಳಿಗೆ ಎರಡು ಸಲ ಬಿಟ್ಟಿದ್ದರು. ಅಷ್ಟೇ. ವಾರ್ಡಿನ ಆ ವಾಸನೆ, ಆ ಯಂತ್ರಗಳ ಸದ್ದು ಅವಳು ಮರೆತಿರಲಿಲ್ಲ. ಅಡ್ಮಿಟ್ ಆದರೆ ದಿನಕ್ಕೆ ನಾಲ್ಕು ಸಲ ಬಿಪಿ ನೋಡುತ್ತಾರೆ, ಒಂದು ದಿನ ಏರಿದ್ದು ಕಂಡರೆ ಕೂಸನ್ನು ತೆಗೆದುಬಿಡುತ್ತಾರೆ ಎಂದು ಅವಳಿಗೆ ಅನಿಸಿತು.

"ನನ್ನ ಹತ್ರ ಬಿಪಿ ಮಿಷನ್ ಐತೆ ಮೇಡಂ. ದಿನಕ್ಕೆ ಎರಡು ಸಲ ನೋಡಿ ಬರ್ದು ಕಳಿಸ್ತೀನಿ. ಆಸ್ಪತ್ರೆ ಹತ್ರಾನೇ ಇರ್ತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅರ್ಧ ಗಂಟೆಯೊಳಗೆ ಇಲ್ಲಿಗೆ ಬರೋ ಹಾಗಿರ್ಬೇಕು. ಬೇರೆಯವರನ್ನಾದ್ರೆ ಬಿಡ್ತಿರ್ಲಿಲ್ಲ. ನೀವು ಆಶಾ ಇದ್ದೀರಿ, ಎಲ್ಲಾ ಗೊತ್ತು ಅಂತ ನಂಬಿ ಕಳಿಸ್ತಿದ್ದೀನಿ. ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ, ಎದೆಗೂಡಿನ ಕೆಳಗೆ ನೋವು ಬಂದ್ರೆ..."

"ಗೊತ್ತು ಮೇಡಂ," ಎಂದಳು ಪ್ರೇಮಲತಾ. ಆ ಮಾತುಗಳನ್ನು ಅವಳೇ ಮನೆಮನೆಗೆ ಹೋಗಿ ನೂರಾರು ಸಲ ಹೇಳಿದ್ದಳು.

ದಾವಣಗೆರೆಗೆ ಅರ್ಧ ಗಂಟೆಯೊಳಗಿನ ದಾರಿಯಾದ ಹರಿಹರದಲ್ಲಿ ಇರಲು ಜಾಗ ಕೊಟ್ಟವಳು ಸಿದ್ದೀಕಾ. ಅವಳ ತವರು ಕಡರನಾಯಕನಹಳ್ಳಿ. ಐದು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಅವಳಿಗೆ ವಿಪರೀತ ತಲೆನೋವು. ಪಿತ್ತ ಏರಿದೆ, ನಿಂಬೆಹಣ್ಣಿನ ಪಾನಕ ಕೊಟ್ಟರೆ ಇಳಿಯುತ್ತದೆ ಎಂದು ಮನೆಯವರು ಅಂದುಕೊಂಡಿದ್ದರು. ಕಾರ್ಡು ನೋಡಲು ಹೋಗಿದ್ದ ಪ್ರೇಮಲತಾ, ಅವರ ಮಾತು ಕೇಳದೆ, ಹೆಚ್ಚುಕಡಿಮೆ ಎಳೆದುಕೊಂಡೇ ಆಸ್ಪತ್ರೆಗೆ ಸೇರಿಸಿದ್ದಳು. ತಾಯಿ ಮಗು ಇಬ್ಬರೂ ಉಳಿದಿದ್ದರು. ಈಗ ಸುದ್ದಿ ತಿಳಿದ ಸಿದ್ದೀಕಾ ತಾನೇ ಫೋನ್ ಮಾಡಿದಳು. "ನಮ್ಮ ಹಿತ್ತಲ ಕೋಣೆ ಖಾಲಿ ಐತೆ ಪ್ರೇಮಕ್ಕ. ಮಾವನ್ನ ಕೇಳೀನಿ. ಬರ್ರಿ, ಏನೂ ಯೋಚ್ನೆ ಮಾಡ್ಬ್ಯಾಡ್ರಿ."

ಮಾವ ಬುಡನ್ ಸಾಬ್ ಗಾದಿ ಹೊಲಿಯುವವರು. ಮನೆಯ ಮುಂಭಾಗವೇ ಅಂಗಡಿ. ಸಿದ್ದೀಕಾಳ ಗಂಡ ಸೈಫುಲ್ಲಾ ಸಣ್ಣ ಟೆಂಪೋದಲ್ಲಿ ಗಾದಿ, ದಿಂಬು ಹೇರಿಕೊಂಡು ಸುತ್ತಲ ಊರುಗಳಿಗೆ ಹಾಕಿ ಬರುತ್ತಿದ್ದ. ಹಿತ್ತಲ ಕೋಣೆಗೆ ಬುಡನ್ ಸಾಬರು ಒಂದು ಹೊಸ ಗಾದಿಯನ್ನೇ ಹಾಕಿಸಿ, "ಕೂಡ್ರಿ ತಾಯಿ, ಇದು ನಿಮ್ಮದೇ ಮನೆ," ಎಂದು ಹೇಳಿ ಹೋದರು. ಜೊತೆಗಿರಲು ಬಂದವಳು ಅತ್ತೆ ಓಬವ್ವ. ಗಂಡ ಪರಶುರಾಮನಿಗೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ. ಅವನೂ ಇಲ್ಲಿಂದಲೇ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ಬರುವುದು ಸಂಜೆ. ಯಂತ್ರದ ಸದ್ದಿನಲ್ಲಿ ಫೋನು ಕೇಳಿಸುವುದಿಲ್ಲವೆಂದು ಅದನ್ನು ಅಂಗಿಯ ಒಳಜೇಬಿನಲ್ಲಿ, ಎದೆಗೆ ಒತ್ತಿ ಇಟ್ಟುಕೊಳ್ಳಲು ಶುರು ಮಾಡಿದ್ದ. ನಡುಗಿದರೆ ಗೊತ್ತಾಗಲಿ ಎಂದು. ಯಾವುದೋ ಕಂಪನಿಯ ಜಾಹೀರಾತಿನ ಕರೆ ಬಂದು ಫೋನು ನಡುಗಿದಾಗಲೂ ಅವನ ಕೈಯಲ್ಲಿನ ಕೆಲಸ ಕೆಡುತ್ತಿತ್ತು.

ಓಬವ್ವ ಮಾತು ಕಡಿಮೆಯ ಹೆಂಗಸು. ಆಡಿದರೆ ಕಲ್ಲು ಹೊಡೆದಂತೆ. ಉಪ್ಪಿಲ್ಲದ ಸಾರು ಮಾಡಿ, ಸೊಸೆ ಉಣ್ಣುವವರೆಗೂ ಎದುರಿಗೆ ಕೂತಿರುತ್ತಿದ್ದಳು. ಹುಟ್ಟಲಿರುವ ಕೂಸಿನ ಬಗ್ಗೆ ಅವಳ ಬಾಯಿಂದ ಒಂದು ಮಾತು ಬರುತ್ತಿರಲಿಲ್ಲ. ಹೋದ ಸಲ ಆರನೇ ತಿಂಗಳಲ್ಲೇ ಹಳೆಯ ಸೀರೆ ಹರಿದು ಕೂಸಿನ ಬಟ್ಟೆ ಹೊಲಿದಿಟ್ಟಿದ್ದಳು. ಈ ಸಲ ಒಂದು ಚಿಂದಿಯನ್ನೂ ಮುಟ್ಟಿರಲಿಲ್ಲ.

ದಿನಕ್ಕೆ ಎರಡು ಸಲ ಪ್ರೇಮಲತಾ ಎಡತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುತ್ತಿದ್ದಳು. ಅಂಕಿ ಬಂದಮೇಲೆ ಪುಸ್ತಕದಲ್ಲಿ ಬರೆದು, ಆ ಹಾಳೆಯ ಫೋಟೋ ತೆಗೆದು ಆಸ್ಪತ್ರೆಯ ನರ್ಸಿಗೆ ವಾಟ್ಸಾಪ್ ಮಾಡುವುದು. ಮಧ್ಯಾಹ್ನ ಊಟವಾದ ಮೇಲೆ ಎಡ ಮಗ್ಗುಲಿಗೆ ಮಲಗಿ ಕೂಸಿನ ಒದೆತ ಎಣಿಸುವುದು. ಹತ್ತು ಒದೆತ ಆದರೆ ಎದ್ದು ನೀರು ಕುಡಿಯುತ್ತಿದ್ದಳು. ಒಮ್ಮೊಮ್ಮೆ ಏಳಕ್ಕೇ ನಿಂತುಬಿಡುತ್ತಿತ್ತು. ಆಗ ಅವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಉಸಿರು ಬಿಗಿಹಿಡಿದು ಕಾಯುವಳು. ಎಂಟನೆಯದು ಬಾರದ ಆ ಇಪ್ಪತ್ತು ನಿಮಿಷಗಳಲ್ಲಿ ಅವಳ ತಲೆಯೊಳಗೆ ಏನೇನೋ ನಡೆದುಹೋಗುತ್ತಿತ್ತು. ಊರಲ್ಲಿ ಯಾರ್ಯಾರ ಕೂಸು ಹೀಗೆ ಸುಮ್ಮನಾಯಿತು, ಯಾರನ್ನು ತಾನು ಕರೆದೊಯ್ದೆ, ಯಾರ ಮನೆಗೆ ತಡವಾಗಿ ಹೋದೆ, ಎಲ್ಲ ಹೆಸರು ಸಮೇತ ನೆನಪಾಗುತ್ತಿತ್ತು. ಏನೂ ಗೊತ್ತಿಲ್ಲದ ಹೆಂಗಸಾಗಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು.

ಮೊದಲ ಸುಳ್ಳು ಬರೆದದ್ದು ಮೂವತ್ತೆರಡನೇ ವಾರದ ಮಂಗಳವಾರ ಬೆಳಿಗ್ಗೆ. ಯಂತ್ರ ನೂರ ಐವತ್ತಾರು, ನೂರ ಎರಡು ಎಂದು ತೋರಿಸಿತು. ಕೆಳಗಿನ ಅಂಕಿ ನೂರು ದಾಟಿದರೆ ತಕ್ಷಣ ಫೋನ್ ಮಾಡಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಅವಳು ಪಟ್ಟಿ ಬಿಚ್ಚಿ ಮತ್ತೆ ಸುತ್ತಿದಳು. ನೂರ ಐವತ್ತೆಂಟು, ನೂರ ಎರಡು.

"ಎಷ್ಟು ಬಂತು?" ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದ ಓಬವ್ವ ಕೇಳಿದಳು.

"ನೂರ ನಲವತ್ತು, ತೊಂಬತ್ತು," ಎಂದಳು ಪ್ರೇಮಲತಾ. ಬಾಯಿಂದ ಅದು ತಾನಾಗಿಯೇ ಬಂದಿತ್ತು. ಪುಸ್ತಕದಲ್ಲೂ ಅದನ್ನೇ ಬರೆದಳು. ಫೋಟೋ ಕಳಿಸಿದಳು. ಆ ಕಡೆಯಿಂದ ನರ್ಸು ಎತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿದಳು.

ಹನ್ನೊಂದು ವರ್ಷದಲ್ಲಿ ಅವಳು ಒಂದು ಕಾರ್ಡಿನಲ್ಲೂ ತಪ್ಪು ಅಂಕಿ ಬರೆದವಳಲ್ಲ. ಹಾಗೆ ಬರೆಯುತ್ತಿದ್ದ ಪಕ್ಕದೂರಿನ ಕಾರ್ಯಕರ್ತೆಯೊಬ್ಬಳ ಜೊತೆ ಸಭೆಯಲ್ಲೇ ಜಗಳವಾಡಿದ್ದಳು. ಅವತ್ತು ಸಂಜೆ ನೋಡಿದಾಗ ಬಿಪಿ ನಿಜಕ್ಕೂ ಇಳಿದಿತ್ತು. ನೋಡು, ಅದೇ ಇಳಿಯಿತು, ಬೆಳಿಗ್ಗೆ ಫೋನ್ ಮಾಡಿದ್ದರೆ ಇಷ್ಟು ಹೊತ್ತಿಗೆ ಕೂಸು ಗಾಜಿನ ಪೆಟ್ಟಿಗೆಯಲ್ಲಿರುತ್ತಿತ್ತು ಎಂದುಕೊಂಡಳು. ಮರುದಿನ ಮತ್ತೆ ಏರಿತು. ಒಂದು ದಿನ ಹೊಟ್ಟೆಯಲ್ಲಿ ಉಳಿದರೆ ಪೆಟ್ಟಿಗೆಯಲ್ಲಿನ ಮೂರು ದಿನ ಉಳಿಯುತ್ತದೆಂದು ಹಿಂದೊಮ್ಮೆ ಯಾವುದೋ ನರ್ಸು ಹೇಳಿದ್ದಳು. ಆ ಮಾತನ್ನೇ ಹಿಡಿದುಕೊಂಡು ಪ್ರೇಮಲತಾ ಬುಧವಾರ ಬರೆದಳು, ಗುರುವಾರ ಬರೆದಳು. ಒಂದು ದಿನ ನೂರ ಮೂವತ್ತೆಂಟು, ಒಂದು ದಿನ ನೂರ ನಲವತ್ತೆರಡು. ಎಲ್ಲ ದಿನ ಒಂದೇ ಅಂಕಿ ಇದ್ದರೆ ಅನುಮಾನ ಬರುತ್ತದೆಂಬುದೂ ಅವಳಿಗೆ ಗೊತ್ತಿತ್ತು.

ಭಾನುವಾರ ಪರಶುರಾಮ್ ಮನೆಯಲ್ಲಿದ್ದ. ಅವಳ ಪಾದ ಒತ್ತುತ್ತ ಕೂತವನು ಹೆಬ್ಬೆರಳು ಎತ್ತಿ ನೋಡಿದ. ಒತ್ತಿದ ಕಡೆ ಗುಳಿ ಹಾಗೇ ಉಳಿದಿತ್ತು.

"ಪ್ರೇಮಾ, ಬಾವು ಜಾಸ್ತಿ ಆಗಿಲ್ಲೇನು?"

"ಎಲ್ಲಾ ಬಸುರೇರಿಗೂ ಬರ್ತೈತೆ ಕಣ್ರೀ."

"ಡಾಕ್ಟರಿಗೆ ಫೋನ್ ಮಾಡ್ಲಾ?"

"ಬ್ಯಾಡ. ದಿನಾ ಕಳಿಸ್ತಿಲ್ಲೇನು? ಏನಾರ ಇದ್ರೆ ಅವ್ರೇ ಹೇಳ್ತಾರೆ."

ಅವನು ಅವಳ ಮುಖ ನೋಡಿದ. ಅವಳು ಹೇಳಿದ್ದನ್ನು ನಂಬದಿರಲು ಅವನಿಗೆ ಕಾರಣವಿರಲಿಲ್ಲ. ಈ ವಿಷಯದಲ್ಲಿ ಊರೇ ಅವಳ ಮಾತು ನಂಬುತ್ತಿತ್ತು.

ಮೂವತ್ತಮೂರು ವಾರ ತುಂಬಿ ಎರಡನೇ ದಿನ ಬೆಳಿಗ್ಗೆ ಏಳುವಾಗಲೇ ಹಿಂದಲೆಯಲ್ಲಿ ನೋವು. ಪರಶುರಾಮ್ ಕೆಲಸಕ್ಕೆ ಹೋದಮೇಲೆ ಬಿಪಿ ನೋಡಿಕೊಂಡಳು. ನೂರ ಅರವತ್ತೆಂಟು, ನೂರ ಹತ್ತು. ಪುಸ್ತಕ ತೆರೆದು ನೂರ ನಲವತ್ತು, ತೊಂಬತ್ತು ಎಂದು ಬರೆಯುವಾಗ ಪೆನ್ನಿನ ತುದಿಯ ಸುತ್ತ ಬೆಳ್ಳಗಿನ ಚುಕ್ಕಿಗಳು ಕುಣಿದಂತಾಯಿತು. ಇನ್ನು ಐದು ದಿನ. ಮಾತ್ರೆ ನುಂಗಿ, ಒದ್ದೆ ಬಟ್ಟೆ ಹಣೆಗೆ ಹಾಕಿ, ಕಿಟಕಿ ಮುಚ್ಚಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಬಾಗಿಲಿಂದ ಬರುವ ಬೆಳಕೂ ಕಣ್ಣಿಗೆ ಚುಚ್ಚುತ್ತಿತ್ತು.

ಹನ್ನೊಂದರ ಹೊತ್ತಿಗೆ ಸಿದ್ದೀಕಾ ಮಜ್ಜಿಗೆ ತಂದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

"ಯಾಕಕ್ಕ, ಕಿಟಕಿ ಮುಚ್ಚೀರಿ?"

"ಬಿಸಿಲಿನ ಝಳ."

"ತಲೆ ನೋಯ್ತೈತಾ?"

"ಇಲ್ಲವ್ವ."

ಸಿದ್ದೀಕಾ ಲೋಟ ಕೆಳಗಿಟ್ಟು ಎದುರಿಗೆ ಬಂದು ಕೂತಳು. "ಈ ಕಡೆ ತಿರುಗ್ರಿ. ನನ್ನ ಬೆರಳು ಎಷ್ಟು ಹೇಳ್ರಿ."

ಪ್ರೇಮಲತಾ ತಿರುಗಿದಳು. ಸಿದ್ದೀಕಾಳ ಕೈ ಇದ್ದ ಜಾಗದಲ್ಲಿ ಏನೋ ಮಸುಕಾದದ್ದು ಅಲ್ಲಾಡಿತು. "ಮೂರು," ಎಂದಳು, ಊಹೆಯ ಮೇಲೆ.

ಸಿದ್ದೀಕಾ ಎತ್ತಿದ್ದುದು ಒಂದೇ ಬೆರಳು. ಅವಳು ಮತ್ತೇನೂ ಕೇಳದೆ ಪಟ್ಟಿ ತೆಗೆದು ಪ್ರೇಮಲತಾಳ ತೋಳಿಗೆ ಸುತ್ತಿದಳು. ನೂರ ಎಂಬತ್ತೆರಡು, ನೂರ ಹದಿನೆಂಟು. ಪಕ್ಕದಲ್ಲಿದ್ದ ಪುಸ್ತಕದ ಮೇಲೆ ಕಣ್ಣು ಹಾಯಿಸಿದಳು. ಅವತ್ತಿನ ತಾರೀಖು, ಬೆಳಗಿನ ಅಂಕಿ. ಹಿಂದಿನ ಹಾಳೆ ತಿರುವಿದಳು. ಅವಳಿಗೆ ಅರ್ಥವಾಯಿತು.

"ಯಾ ಅಲ್ಲಾ," ಎಂದಳು ಮೆಲ್ಲಗೆ. "ನಮ್ಮವ್ವನ ಮನ್ಯಾಗೆ ನಂಗೆ ಏನಂದಿದ್ರಿ ಅಕ್ಕ? ಸತ್ತ ತಾಯಿ ಹೊಟ್ಯಾಗೆ ಕೂಸು ಬೆಳಿಯಲ್ಲ ಅಂದಿದ್ರಿ."

"ಐದು ದಿನ ಸಿದ್ದೀಕಾ. ಐದೇ ದಿನ. ನಿನ್ನ ಕಾಲಿಗೆ ಬೀಳ್ತೀನಿ, ಹೇಳ್ಬ್ಯಾಡ."

ಸಿದ್ದೀಕಾ ಆಗಲೇ ಹೊರಗೆ ಓಡಿದ್ದಳು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರಲು ಇಪ್ಪತ್ತು ನಿಮಿಷ ಎಂದರು. ಸೈಫುಲ್ಲಾನ ಟೆಂಪೋ ಗಾದಿ ಹೇರಿಕೊಂಡು ಹೊರಡಲು ಸಿದ್ಧವಾಗಿ ಬಾಗಿಲಲ್ಲೇ ನಿಂತಿತ್ತು. ಮೇಲಿನ ಗಾದಿಗಳನ್ನು ಬುಡನ್ ಸಾಬರು ಬೀದಿಗೇ ಎಳೆದು ಹಾಕಿದರು. ಕೆಳಗಿನ ಎರಡರ ಮೇಲೆ ಪ್ರೇಮಲತಾಳನ್ನು ಎಡ ಮಗ್ಗುಲಿಗೆ ಮಲಗಿಸಿದರು. ಓಬವ್ವ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಸಿದ್ದೀಕಾ ಬಿಸಿಲು ಬೀಳದಂತೆ ದುಪಟ್ಟಾ ಹಿಡಿದು ಮೊಣಕಾಲ ಮೇಲೆ ನಿಂತಳು. ಹರಿಹರದ ಆಸ್ಪತ್ರೆಗೆ ಐದು ನಿಮಿಷದ ದಾರಿ.

ಅದರ ಮುಂದಿನದು ಪ್ರೇಮಲತಾಳಿಗೆ ನೆನಪಿಲ್ಲ. ಸಿದ್ದೀಕಾ ಆಮೇಲೆ ಹೇಳಿದ್ದು ಇಷ್ಟು. ಆಸ್ಪತ್ರೆಯ ಗೇಟು ಕಾಣಿಸುವಾಗ ಪ್ರೇಮಲತಾಳ ಕಣ್ಣು ಮೇಲಕ್ಕೆ ಹೋದವು, ಹಲ್ಲು ಕಚ್ಚಿಕೊಂಡವು, ಮೈಯೆಲ್ಲ ಸೆಟೆದು ಅದುರತೊಡಗಿತು. ಓಬವ್ವ ಕೂಗಲಿಲ್ಲ, ಅಳಲಿಲ್ಲ. ಸೊಸೆಯ ತಲೆ ಟೆಂಪೋದ ಕಬ್ಬಿಣಕ್ಕೆ ಬಡಿಯದಂತೆ ಎರಡೂ ಕೈಯಲ್ಲಿ ಹಿಡಿದು, "ಪ್ರೇಮಿ, ಪ್ರೇಮಿ," ಎನ್ನುತ್ತಿದ್ದಳು. ಆಸ್ಪತ್ರೆಯವರು ಫಿಟ್ಸ್ ನಿಲ್ಲುವ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ನರ್ಸನ್ನು ಜೊತೆಗೆ ಹತ್ತಿಸಿ ದಾವಣಗೆರೆಗೆ ಕಳಿಸಿದರು. ಕರೂರಿನಿಂದ ಯಾರದೋ ಬೈಕಿನ ಹಿಂದೆ ಕೂತು ಬಂದ ಪರಶುರಾಮ್ ಎಣ್ಣೆ ಹತ್ತಿದ ಕೈಯಲ್ಲೇ ಫಾರ್ಮಿಗೆ ಸಹಿ ಮಾಡಿದ. ಸಹಿಯ ಪಕ್ಕ ಅವನ ಹೆಬ್ಬೆರಳಿನ ಕರಿ ಗುರುತೂ ಬಿದ್ದಿತ್ತು. ಒಂದೂವರೆಗೆ ಸಿಸೇರಿಯನ್ ಆಯಿತು.

ಎಚ್ಚರವಾದಾಗ ಪ್ರೇಮಲತಾಳಿಗೆ ಮೊದಲು ಕೇಳಿಸಿದ್ದು ಯಂತ್ರದ ಸದ್ದು. ಕಣ್ಣು ತೆರೆದಳು. ಏನೂ ಕಾಣಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ದಾರೇನೋ ಎಂದು ಕೈ ಎತ್ತಿ ಮುಟ್ಟಿಕೊಂಡಳು. ರೆಪ್ಪೆ ತೆರೆದೇ ಇತ್ತು.

"ಲೈಟು ಹಾಕ್ರಿ," ಎಂದಳು.

"ಹಗಲೈತೆ ಪ್ರೇಮಾ," ಪರಶುರಾಮನ ದನಿ. ಅದು ಒಡೆದಿತ್ತು. "ಬೆಳಿಗ್ಗೆ ಹತ್ತು ಗಂಟೆ."

ಡಾಕ್ಟರಮ್ಮ ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಬಿಪಿಯಿಂದ ಮಿದುಳಿನ ಹಿಂಭಾಗ ಊದಿಕೊಂಡಿದೆ, ಕಣ್ಣಿಗೆ ಏನೂ ಆಗಿಲ್ಲ, ಕೆಲವು ದಿನದಲ್ಲಿ ದೃಷ್ಟಿ ಬರುತ್ತದೆ ಎಂದರು. "ಹೆಣ್ಣು ಮಗು. ಒಂದು ಕೆಜಿ ನಾನೂರ ಇಪ್ಪತ್ತು ಗ್ರಾಂ. ಮಕ್ಕಳ ಐಸಿಯುನಲ್ಲಿದೆ. ಚೆನ್ನಾಗಿದೆ. ನೀವು ಮೊದಲು ಸುಧಾರಿಸ್ಕೊಳ್ಳಿ."

ಆ ಕೊನೆಯ ಎರಡು ಮಾತು ಪ್ರೇಮಲತಾಳಿಗೆ ಚೆನ್ನಾಗಿ ಗೊತ್ತಿದ್ದವು. ಮಗು ಚೆನ್ನಾಗಿದೆ, ನೀನು ಮೊದಲು ಸುಧಾರಿಸಿಕೋ. ಈ ಮಾತನ್ನು ಅವಳೇ ಎಷ್ಟು ತಾಯಂದಿರಿಗೆ ಹೇಳಿದ್ದಳು. ಎರಡು ವರ್ಷದ ಹಿಂದೆ ಊರಿನ ರಂಗವ್ವನ ಮಗಳಿಗೆ ಹೇಳಿದ್ದಳು. ಅವಳ ಕೂಸನ್ನು ಆಗಲೇ ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟಾಗಿತ್ತು.

"ಅಳ್ತಾಳಾ?" ಎಂದು ಗಂಡನನ್ನು ಕೇಳಿದಳು.

"ಹ್ಞೂಂ. ಅಳ್ತಾಳೆ. ಚಂದ ಅದಾಳೆ."

"ಯಾರ ಹಂಗೆ ಅದಾಳೆ?"

"ನಿನ್ನಂಗೆ."

ಒಂದೂವರೆ ಕಿಲೋ ಇಲ್ಲದ ಕೂಸು ಯಾರ ಹಾಗೂ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಳು. ಸಿದ್ದೀಕಾ ಬಂದು, ಪುಟ್ಟ ಪರಿಯ, ಕಿನ್ನರಿಯ ಹಾಗಿದ್ದಾಳೆ ಎಂದಳು. ನರ್ಸು ಬಂದು, ಹೆದರಬೇಡಿ ಎಂದಳು. ಯಾರ ದನಿಯಲ್ಲೂ ಅವಳಿಗೆ ನಿಜ ಕೇಳಿಸಲಿಲ್ಲ. ಕತ್ತಲೆಯಲ್ಲಿ ಮಲಗಿದ್ದವಳು ಎಲ್ಲರ ಹೆಜ್ಜೆ, ಪಿಸುಮಾತು ಆಲಿಸುತ್ತಿದ್ದಳು. ಬಾಗಿಲಾಚೆ ಯಾರಾದರೂ ಸುಮ್ಮನಾದರೆ, ಈಗ ಅದನ್ನೇ ಮಾತಾಡುತ್ತಿದ್ದರು ಎನಿಸುತ್ತಿತ್ತು. ಎರಡು ದಿನ ಹೀಗೇ ಕಳೆಯಿತು. ಹಾಲು ಹಿಂಡಿ ಕೊಡಿ ಎಂದು ನರ್ಸು ಬಂದಾಗ, ಇದೂ ನನ್ನನ್ನು ನಂಬಿಸಲಿಕ್ಕೆ ಎಂದುಕೊಂಡು ಪ್ರೇಮಲತಾ ಆ ಕಡೆ ಹೊರಳಿದಳು.

ಮೂರನೇ ದಿನ ಮಧ್ಯಾಹ್ನ ಓಬವ್ವ ಬಂದು ಮಂಚದ ಪಕ್ಕ ಕೂತಳು. ಅಷ್ಟು ದಿನವೂ ಅವಳು ಮಕ್ಕಳ ಐಸಿಯುವಿನ ಬಾಗಿಲಲ್ಲೇ ಇದ್ದಳು. ಸೀರೆಯಿಂದ ಔಷಧಿ ವಾಸನೆ ಬರುತ್ತಿತ್ತು.

"ಹಾಲು ಯಾಕ ಕೊಡವಲ್ಲೆ?" ಎಂದಳು.

"ಅತ್ತೆ, ನಿಮ್ಗೆ ಕೈ ಮುಗೀತೀನಿ. ಕೂಸು ಹೋಗೈತೆ ಅಲ್ಲೇನು? ನಂಗೆ ಹೇಳ್ರಿ."

ಓಬವ್ವ ತನ್ನ ಎಂದಿನ ಒರಟು ದನಿಯಲ್ಲಿ ಶುರುಮಾಡಿದಳು. "ನೋಡು, ಕೂಸು ಚಂದಿಲ್ಲ. ಇಲಿಮರಿ ಇದ್ದಂಗೈತೆ. ಮೈಮ್ಯಾಗೆಲ್ಲ ಕೂದಲು. ತೊಡೆ ನನ್ನ ಹೆಬ್ಬೆಟ್ಟಿನಷ್ಟು ದಪ್ಪ ಇಲ್ಲ. ಮೂಗಿನಾಗೆ ನಳಿಗೆ ಹಾಕ್ಯಾರೆ. ನಿನ್ನೆ ಒಂದು ಸಲ ಉಸಿರು ನಿಂತು ನೀಲಿಗಟ್ಟಿತ್ತು. ಆ ಹುಡುಗಿ ನರ್ಸು ಅಂಗಾಲು ತಟ್ಟಿದ ಮ್ಯಾಲೆ ಮತ್ತೆ ಎಳ್ಕಂತು. ಅಳೋದು ಕೂಗೋದು ಏನಿಲ್ಲ, ಬೆಕ್ಕಿನ ಮರಿ ಕುಂಯ್ ಅಂದಂಗೆ ಅಂತೈತೆ. ಉಳಿತೈತೋ ಇಲ್ಲೋ ನಂಗೆ ಗೊತ್ತಿಲ್ಲ. ಗೊತ್ತೈತೆ ಅಂದವ್ರು ಸುಳ್ಳು ಹೇಳ್ತಾರೆ. ಈಗ ಐತೆ. ಈಗ ನಿನ್ನ ಹಾಲು ಬೇಕು."

ಪ್ರೇಮಲತಾ ಆ ದನಿಯ ಕಡೆ ಮುಖ ತಿರುಗಿಸಿ ಕೇಳಿದಳು. ನೀಲಿಗಟ್ಟಿತ್ತು ಎಂದಾಗ ಅವಳಿಗೆ ಕೂಸು ಬದುಕಿದೆ ಎಂದು ಮೊದಲ ಸಲ ಅನಿಸಿತು. ಸತ್ತ ಕೂಸಿನ ಬಗ್ಗೆ ಯಾರೂ ಹೀಗೆ ಹೇಳುವುದಿಲ್ಲ. ಅವಳು ಅತ್ತಳು. ಹೆರಿಗೆಯಾದ ಮೇಲೆ ಅತ್ತದ್ದು ಅದೇ ಮೊದಲು.

"ನನ್ನಿಂದ ಆತು ಅತ್ತೆ. ನಾನು ಬಿಪಿ ಸುಳ್ಳು ಬರ್ದೆ."

"ನಂಗೆ ಗೊತ್ತಿತ್ತು."

ಪ್ರೇಮಲತಾಳ ಅಳು ನಿಂತಿತು.

"ಓದೋಕೆ ಬರಲ್ಲ ಅಂದ್ರೆ ಅಂಕಿನೂ ಬರಲ್ಲ ಅನ್ಕಂಡ್ಯಾ? ಡೈರಿಗೆ ಹಾಲು ಹಾಕ್ತಾ ಹದಿನೈದು ವರ್ಷ ಆತು. ಅಲ್ಲಿನ ಮಿಷನ್ನಿನ ಕೆಂಪು ಅಂಕಿ ನೋಡೀನೇ ಮನೆಗೆ ಬರೋದು. ನೀನು ನೂರ ನಲವತ್ತು ಅಂತಿದ್ದೆ, ಬಿಪಿ ಮಿಷನ್ ಬ್ಯಾರೆ ತೋರಿಸ್ತಿತ್ತು." ಓಬವ್ವನ ದನಿ ಸಣ್ಣದಾಯಿತು. "ನಾನೂ ಸುಮ್ನಿದ್ದೆ. ಇನ್ನಾಟು ದಿನ ಇರ್ಲಿ, ಕೂಸು ಬಲೀಲಿ ಅಂತ. ಹೋದ ಸಲದ್ದು ನನ್ನ ಕೈಯಾಗೇ ಮಣ್ಣಿಗೆ ಹೋಗಿತ್ತಲ್ಲ. ನಿನ್ನ ಜೀವದ ಮಾತು ನನ್ನ ತಲೆಗೆ ಬರ್ಲಿಲ್ಲ ಪ್ರೇಮಿ. ಆ ಟೆಂಪೋದಾಗೆ ನೀನು ಹಲ್ಲು ಕಚ್ಚಿದಾಗ ಬಂತು."

ಆಮೇಲೆ ಓಬವ್ವ ಎದ್ದು ನರ್ಸನ್ನು ಕರೆದಳು. ಕತ್ತಲೆಯಲ್ಲೇ, ಅತ್ತೆ ಹಿಡಿದ ಸ್ಟೀಲ್ ಬಟ್ಟಲಿಗೆ ಪ್ರೇಮಲತಾ ಹಾಲು ಹಿಂಡಿದಳು. ಎರಡು ಚಮಚವೂ ಆಗಲಿಲ್ಲ. ನರ್ಸು ಅದನ್ನೇ ಜೋಪಾನವಾಗಿ ಒಯ್ದಳು.

ನಾಲ್ಕನೇ ದಿನ ಕಿಟಕಿಯ ಜಾಗದಲ್ಲಿ ಬೂದು ಬಣ್ಣದ ಚೌಕ ಕಂಡಿತು. ಐದನೇ ದಿನ ಆ ಚೌಕದಲ್ಲಿ ಸರಳು ಮೂಡಿದವು. ಆರನೇ ದಿನ ಗಂಡನ ಮುಖ ಕಂಡಿತು. ಒಂದೇ ವಾರದಲ್ಲಿ ಅವನ ಕೆನ್ನೆ ಒಳಗೆ ಹೋಗಿದ್ದವು.

ಅವತ್ತೇ ಡಾಕ್ಟರಮ್ಮನಿಗೆ ಅವಳು ಎಲ್ಲ ಹೇಳಿದಳು. ಅವರು ಮಂಚದ ಅಂಚಿನಲ್ಲಿ ಕೂತು ಕೇಳಿದರು. ಸಿದ್ದೀಕಾ ಪುಸ್ತಕ ತೋರಿಸಿದ್ದರಿಂದ ಅವರಿಗೆ ಆಗಲೇ ತಿಳಿದಿತ್ತು.

"ಬೈಯ್ರಿ ಮೇಡಂ."

"ಬೈದು ಏನು ಮಾಡ್ಲಿ? ಒಂದು ಮಾತು ಹೇಳ್ತೀನಿ. ಏರಿದೆ ಅಂದ ತಕ್ಷಣ ನಾನು ಹೊಟ್ಟೆ ಕುಯ್ತೀನಿ ಅಂದ್ಕೊಂಡ್ರಿ. ನಿಜ ಬರೆದಿದ್ರೆ ಆ ಮಂಗಳವಾರಾನೇ ಕರೆಸಿ ಮಾತ್ರೆ ಬದಲಾಯಿಸ್ತಿದ್ದೆ. ಬಹುಶಃ ನಿಮಗೆ ಬೇಕಾಗಿದ್ದ ಮೂವತ್ತನಾಲ್ಕು ವಾರ ಸಿಕ್ತಿತ್ತು. ಸಿಗದೇನೂ ಇರಬಹುದಿತ್ತು. ಆದ್ರೆ ಫಿಟ್ಸ್ ಬರೋವರೆಗೂ ಬಿಡ್ತಿರ್ಲಿಲ್ಲ." ಅವರು ಎದ್ದು ನಿಂತರು. "ನಾನೂ ನಂಬಿ ಕಳಿಸ್ಬಾರ್ದಿತ್ತು. ಅದು ನನ್ನ ತಪ್ಪು."

ಅವರು ಹೋದಮೇಲೆ ಪ್ರೇಮಲತಾ ಆ ಮಾತನ್ನೇ ತಿರುತಿರುಗಿ ಯೋಚಿಸಿದಳು. ಯಾವ ದಿನಗಳನ್ನು ಕೂಸಿಗಾಗಿ ಕದ್ದಿಟ್ಟೆ ಅಂದುಕೊಂಡಿದ್ದಳೋ, ಅವನ್ನು ಕೂಸಿನಿಂದಲೇ ಕದ್ದಿದ್ದಳು. ಅದಕ್ಕೆ ಸಮಾಧಾನ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಒಂಬತ್ತನೇ ದಿನ ಕೂಸನ್ನು ಎದೆಯ ಮೇಲೆ ಹಾಕಿಕೊಳ್ಳಲು ಕರೆದರು. ಅಂಗಿ ಬಿಚ್ಚಿ, ಮೈಗೆ ಮೈ ಹತ್ತಿಸಿ, ಮೇಲೆ ಬಟ್ಟೆ ಕಟ್ಟಿದರು. ಓಬವ್ವ ಹೇಳಿದ್ದು ನಿಜವಾಗಿತ್ತು. ಇಲಿಮರಿಯಂತೆಯೇ ಇತ್ತು. ಅದರ ಉಸಿರು ಅವಳ ಎದೆಗೆ ತಾಗುತ್ತಿತ್ತು, ನಿಂತು ಹೋಗುತ್ತಿತ್ತು, ಮತ್ತೆ ತಾಗುತ್ತಿತ್ತು. ನಿಂತಾಗಲೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು. ಒಮ್ಮೆ ತುಸು ಹೆಚ್ಚು ಹೊತ್ತು ನಿಂತಿತು. ಕೂಸಿನ ತುಟಿಯ ಸುತ್ತ ಬಣ್ಣ ಬದಲಾಯಿತು, ಯಂತ್ರ ಕೂಗಿಕೊಂಡಿತು. ನರ್ಸು ಕೋಣೆಯ ಆ ತುದಿಯಲ್ಲಿದ್ದಳು. ಪ್ರೇಮಲತಾ ಬಟ್ಟೆಯೊಳಗೆ ಕೈ ಹಾಕಿ ಅಂಗಾಲನ್ನು ಬೆರಳಿನಿಂದ ತಟ್ಟಿದಳು, ಮತ್ತೆ ತಟ್ಟಿದಳು. ಕೂಸು ಒಮ್ಮೆ ಜಗ್ಗಿ ಉಸಿರೆಳೆಯಿತು.

"ಸರಿಯಾಗಿ ಮಾಡಿದ್ರಿ," ಎಂದಳು ಓಡಿ ಬಂದ ನರ್ಸು. "ವಾಪಸ್ ಪೆಟ್ಟಿಗೆಗೆ ಹಾಕ್ಲಾ? ಹೆದರಿಕೆ ಆಗ್ತಿದ್ಯಾ?"

"ಭಾಳ ಆಗ್ತೈತೆ," ಎಂದಳು ಪ್ರೇಮಲತಾ. "ಇನ್ನಾಟು ಹೊತ್ತು ಇರ್ಲಿ."

ಇಪ್ಪತ್ತೇಳನೇ ದಿನ ಕೂಸು ಒಂದು ಕೆಜಿ ಎಂಟುನೂರು ದಾಟಿತು. ಉಸಿರು ಒಮ್ಮೆಯೂ ನಿಲ್ಲದೆ ಹತ್ತು ದಿನವಾಗಿತ್ತು, ಒಳಲೆಯಲ್ಲಿ ಹಾಲು ಕುಡಿಯುತ್ತಿತ್ತು. ಕರೆದುಕೊಂಡು ಹೋಗಬಹುದು ಎಂದರು. ಪ್ರೇಮಲತಾಳ ಬಿಪಿಗೆ ಮಾತ್ರೆ ಇನ್ನೂ ನಡೆಯುತ್ತಿತ್ತು, ಬಲಗಣ್ಣಿನ ಅಂಚಿನಲ್ಲಿ ಸ್ವಲ್ಪ ಮಸುಕು ಉಳಿದಿತ್ತು. ಅದು ಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು.

ಅಲ್ಲಿಯವರೆಗೂ ಪರಶುರಾಮ್ ಕೂಸನ್ನು ಎತ್ತಿಕೊಂಡಿರಲಿಲ್ಲ. ಕೇಳಿದರೆ ಕೈ ಒರಟು, ಎಣ್ಣೆ ವಾಸನೆ ಎನ್ನುತ್ತಿದ್ದ. ಅವತ್ತು ಪ್ರೇಮಲತಾಳಿಗೆ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗಿತ್ತು, ಓಬವ್ವನ ಎರಡೂ ಕೈಯಲ್ಲಿ ಚೀಲಗಳಿದ್ದವು. ಅವನೇ ಎತ್ತಿಕೊಳ್ಳಬೇಕಾಯಿತು. ಎರಡು ಸಲ ಸೋಪು ಹಾಕಿ ಕೈ ತೊಳೆದು ಬಂದ. ಬಟ್ಟೆಯ ಗಂಟಿನಂತಿದ್ದ ಮಗಳನ್ನು ಎದೆಗೆ ಆನಿಸಿಕೊಂಡು, ಹೆಜ್ಜೆ ಎಣಿಸುವವನಂತೆ ನಡೆದ. ಹೊರಗೆ ಬಿಸಿಲಿತ್ತು, ಆಟೋಗಳ ಗದ್ದಲವಿತ್ತು. ನಾಲ್ಕು ಹೆಜ್ಜೆ ಹೋಗಿ ನಿಂತ.

"ಪ್ರೇಮಾ, ಉಸಿರಾಡ್ತೈತಾ ನೋಡು."

ಅವಳು ಬಟ್ಟೆ ಸರಿಸಿ, ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. "ಆಡ್ತೈತೆ."

ಅವನು ಮತ್ತೆ ನಡೆದ. ಆಟೋದ ಹತ್ತಿರ ಬಂದು, ಒಳಗೆ ಕಾಲಿಡುವ ಮೊದಲು ಮತ್ತೆ ನಿಂತು ಅವಳ ಕಡೆ ತಿರುಗಿದ. ಅವನು ಕೇಳುವ ಮೊದಲೇ ಅವಳು ಬಟ್ಟೆ ಸರಿಸಿದಳು.